ಮಲ್ಲಿಗೆ ಪರ್ಫ್ಯೂಮು ಚಂದ್ರಂದಾ ಶುಕ್ರಂದಾ? ಮತ್ತೆ ಬಾಟ್ಲಿಯಲ್ಲಿ ಮುಡಿದ ಹೂವಿನ ಘಮ ಯಾಕೆ ಬರಲ್ಲ?

ಮುಸ್ಸಂಜೆ ಮೊಗ್ಗು:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ನಂದು ಜ್ಯೇಷ್ಠಾ ನಕ್ಷತ್ರ, ವೃಶ್ಚಿಕ ರಾಶಿ, ವಯಸ್ಸು 23. ಹೋದ ತಿಂಗಳು ಅಮ್ಮ ಜಾತಕ ತೋರಿಸಿದ್ರು, ಜೋಯಿಸರು ನೋಡಿ ಚಂದ್ರ ನೀಚ ಇದಾನೆ, ಅಂದ್ರೆ ಬಲ ಕಮ್ಮಿ, ಈಗ ಶುಕ್ರ ದಶೆ ಬೇರೆ ಶುರುವಾಗಿದೆ, ಮಲ್ಲಿಗೆ ಸುಗಂಧ ಹಚ್ಕೊಳ್ಳಮ್ಮ ಒಳ್ಳೇದಾಗತ್ತೆ ಅಂದ್ರು. ನಂಗೆ ಮಲ್ಲಿಗೆ ಅಂದ್ರೆ ಮೊದಲಿಂದ್ಲೂ ಪ್ರಾಣ, ಅಜ್ಜಿ ಮನೆ ಉಡುಪಿ ಕಡೆ, ರಜದಲ್ಲಿ ಹೋದಾಗೆಲ್ಲ ಸಂಜೆ ಜಡೆಗೆ ಮಲ್ಲಿಗೆ ಚೆಂಡು ಸುತ್ತಿ ಕಳಿಸ್ತಿದ್ರು, ರಾತ್ರಿ ಮಲಗಿದ್ರೆ ದಿಂಬೆಲ್ಲ ಅದೇ ಘಮ. ಸರಿ ಅಂತ ಇಲ್ಲಿ ಬೆಂಗಳೂರಲ್ಲಿ ಒಂದು ಅಂಗಡಿಗೆ ಹೋಗಿ ಜಾಸ್ಮಿನ್ ಅಂತ ಬರೆದಿದ್ದ ಪರ್ಫ್ಯೂಮ್ ತಗೊಂಡೆ, ನಂಗೆ ಅದು ದುಬಾರೀನೇ. ಹಾಕಿದ ಐದು ನಿಮಿಷ ಚೆನ್ನಾಗೇ ಇತ್ತು, ಆಮೇಲೆ ಶುರುವಾಯ್ತು ನೋಡಿ, ಬಟ್ಟೆ ಬೀರುವಲ್ಲಿ ಇಡೋ ನುಸಿಗುಳಿಗೆ ವಾಸನೆ. ಬಸ್ಸಲ್ಲಿ ಪಕ್ಕ ಕೂತವರು ತಿರುಗಿ ನೋಡಿದ್ರು, ಮನೆಗೆ ಬಂದು ಎರಡು ಸಲ ಸೋಪ್ ಹಾಕಿ ಕೈ ತೊಳೆದೆ, ಆದ್ರೂ ಹೋಗಿಲ್ಲ.
ನನ್ನ ಪ್ರಶ್ನೆ ಎರಡು. ಅಜ್ಜಿ ಮುಡಿಸ್ತಿದ್ದ ಆ ಘಮ ಬಾಟ್ಲಿಯಲ್ಲಿ ಸಿಗತ್ತಾ ಇಲ್ವಾ? ಮತ್ತೆ ಮಲ್ಲಿಗೆ ನಿಜಕ್ಕೂ ಯಾವ ಗ್ರಹದ್ದು? ಒಂದು ಕಡೆ ಚಂದ್ರ ಅಂತ ಇದೆ, ಇನ್ನೊಂದು ಕಡೆ ಶುಕ್ರ ಅಂತ ಇದೆ, ಇಂಗ್ಲಿಷಲ್ಲಿ ಹುಡುಕಿದ್ರೆ ಗುರು ಅಂತ ಬರ್ತಿದೆ. ಗೊತ್ತಿರೋರು ದಯವಿಟ್ಟು ಹೇಳಿ.

ಗಂಧದ ಕೆಲಸದವನು:
ಮೊದಲನೇದಕ್ಕೆ ನಾನು ಹೇಳ್ತೀನಿ, ಹನ್ನೊಂದು ವರ್ಷದಿಂದ ಇದೇ ಕೆಲಸ ನಂದು, ಪರಿಮಳ ಮಿಕ್ಸ್ ಮಾಡೋ ಲ್ಯಾಬಲ್ಲಿ. ನಿಮಗೆ ನುಸಿಗುಳಿಗೆ ಅನಿಸಿದ್ದು ತಪ್ಪಲ್ಲ, ನಿಮ್ಮ ಮೂಗು ಸರಿಯಾಗೇ ಹೇಳಿದೆ. ಅದರ ಹೆಸರು ಇಂಡೋಲ್. ಮಲ್ಲಿಗೆ ಹೂವಲ್ಲೇ ಅದು ಸಹಜವಾಗಿ ಇರತ್ತೆ. ಇಂಡೋಲನ್ನ ಬೇರೆ ತೆಗೆದು ಗಟ್ಟಿಯಾಗಿ ಮೂಸಿದ್ರೆ ನುಸಿಗುಳಿಗೆ ಥರ, ಇನ್ನೂ ಹೇಳ್ಬೇಕಂದ್ರೆ ಕೊಟ್ಟಿಗೆ ಥರ, ಆದ್ರೆ ಉಳಿದ ಘಮಗಳ ಜೊತೆ ಚೂರೇ ಚೂರು ಸೇರಿದ್ರೆ ಹೂವಿಗೆ ಜೀವ ಬರತ್ತೆ. ಅದನ್ನ ಪೂರ್ತಿ ತೆಗೆದು ಮಲ್ಲಿಗೆ ಮಾಡಿದ್ರೆ ಸೋಪಿನ ಪುಡಿ ವಾಸನೆ ಬರತ್ತೆ, ನಾನೇ ಮಾಡಿ ನೋಡಿದೀನಿ.
ಹೂವಲ್ಲಿ ಇನ್ನೇನಿದೆ ಅಂದ್ರೆ ಬೆಂಜೈಲ್ ಅಸಿಟೇಟ್, ಅದು ಬಾಳೆಹಣ್ಣಿನಂಥ ಸಿಹಿ, ಲಿನಲೂಲ್ ಅಂತ ತಾಜಾ ಘಮ ಒಂದು, ಜಾಸ್ಮೋನ್ ಅಂತ ಒಂದು. ಜೊತೆಗೆ ನೀವು ಮುಡಿಯೋ ದುಂಡು ಮಲ್ಲಿಗೆಯಲ್ಲಿ ಮೀಥೈಲ್ ಆಂಥ್ರನಿಲೇಟ್ ಅಂತ ಒಂದಿದೆ, ದ್ರಾಕ್ಷಿ ಹಣ್ಣು, ಕಿತ್ತಳೆ ಹೂವು ಈ ಥರದ ಘಮ. ಇಲ್ಲಿ ಒಂದು ವಿಷಯ ಗಮನಿಸಿ, ಫ್ರಾನ್ಸಿನ ಗ್ರಾಸ್ ಊರಿನ ಹೆಸರಾಂತ ಜಾಸ್ಮಿನ್ ಇದೆಯಲ್ಲ, ಅದು ನಮ್ಮ ದುಂಡು ಮಲ್ಲಿಗೆ ಅಲ್ಲ, ಅದು ಜಾಜಿ. ಶನೆಲ್ ನಂಬರ್ 5 ಬಂದಿದ್ದು 1921ರಲ್ಲಿ, ಜಾನ್ ಪಾಟೂ ಅವರ ಜಾಯ್ ಬಂದಿದ್ದು 1930ರಲ್ಲಿ, ಎರಡರಲ್ಲೂ ಇದ್ದಿದ್ದು ಗ್ರಾಸ್ ಜಾಜಿ. ಹಾಗಾಗಿ ನೀವು ದುಡ್ಡು ಕೊಟ್ಟು ತಗೊಂಡಿದ್ದು ಬಹುಶಃ ಜಾಜಿ ದಾರಿಯ ಪರ್ಫ್ಯೂಮು, ನಿಮ್ಮ ನೆನಪಲ್ಲಿರೋದು ದುಂಡು ಮಲ್ಲಿಗೆ. ಬೇರೆ ಬೇರೆ ಹೂವು ಅವು.

ಶಂಕರಪುರದ ಗಾಳಿ:
ಇದು ಸರಿ ಮಾರಾಯ್ರೆ. ನಮ್ಮ ಮನೆಯಲ್ಲಿ ಅರವತ್ತು ಗಿಡ ಉಂಟು. ತಂಗಿ ನೀನು ಅಜ್ಜಿ ಮುಡಿಸಿದ ಚೆಂಡು ಅಂದಿಯಲ್ಲ, ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದ್ರೆ 3200 ಹೂ. ಬಾಳೆನಾರಲ್ಲಿ ಕಟ್ಟುವುದು, ದಾರದಲ್ಲಿ ಕಟ್ಟಿದ್ರೆ ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಬೆಳಿಗ್ಗೆ ಬೆಳಕು ಹರಿಯುವಾಗ ಮೊಗ್ಗು ಕೊಯ್ಯಬೇಕು, ಬಿಸಿಲು ಏರುವ ಮೊದಲು ಕಟ್ಟಿ ಮುಗಿಸಿ ಹೂ ಮಾರುವ ಕಟ್ಟೆಗೆ ಕೊಡಬೇಕು. ಆಗ ಮೂಗಿಗೆ ಹಿಡಿದು ನೋಡಿ, ಹೆಚ್ಚು ಪರಿಮಳ ಎಂತದೂ ಇಲ್ಲ, ಹಸಿರು ಹಸಿರು ವಾಸನೆ ಅಷ್ಟೆ. ಸಂಜೆ ಆರು ಏಳು ಗಂಟೆಗೆ ಅದು ಬಿರಿಯಲಿಕ್ಕೆ ಶುರು ಮಾಡ್ತದೆ, ಆಗ ಬರ್ತದೆ ನೋಡಿ ಪರಿಮಳ, ಇಡೀ ಚಾವಡಿ ತುಂಬ್ತದೆ. ಕೊಯ್ದ ಮೇಲೂ ಹೂ ಸತ್ತಿರುವುದಿಲ್ಲ, ಪರಿಮಳ ಮಾಡ್ತಾನೇ ಇರ್ತದೆ. ಮರುದಿನ ಬೆಳಿಗ್ಗೆ ಅದೇ ಹೂ ಕಂದು ಬಣ್ಣಕ್ಕೆ ಬಂದು ಬೇರೆಯೇ ವಾಸನೆ. ಹಾಗಾಗಿ ಬಾಟ್ಲಿಯವರು ಯಾವ ಗಂಟೆಯ ಮಲ್ಲಿಗೆ ಹಿಡಿದದ್ದು ಅಂತ ಕೇಳಬೇಕು.
ಮಳೆಗಾಲದಲ್ಲಿ ಹೂ ಕಮ್ಮಿ, ಆಟಿ ತಿಂಗಳು ಕಳೆದು ಸೋಣ ತಿಂಗಳು ಬಂದ್ರೆ ಪೂಜೆ ಮದುವೆ ಎಲ್ಲ ಒಟ್ಟಿಗೆ, ಆಗ ಅಟ್ಟೆಗೆ ಎರಡು ಸಾವಿರ ದಾಟಿದ್ದೂ ಉಂಟು. ಕಟೀಲು ದೇವಿಗೆ ಹೂವಿನ ಪೂಜೆ ಹೇಳಿಕೊಂಡವರು ಆ ರೇಟಿಗೂ ತಕೊಂಡು ಹೋಗ್ತಾರೆ.

ಗಂಧದ ಕೆಲಸದವನು:
ಶಂಕರಪುರದವರೇ, ಯಾವ ಗಂಟೆಯ ಮಲ್ಲಿಗೆ ಅಂತ ಕೇಳಿದ್ರಲ್ಲ, ಇಡೀ ಕಸುಬು ನಿಂತಿರೋದೇ ಆ ಪ್ರಶ್ನೆ ಮೇಲೆ. ಕೊಯ್ದ ಮೇಲೂ ಹೂವು ಘಮ ತಯಾರಿಸ್ತಾನೇ ಇರತ್ತೆ ಅಂತ ಗೊತ್ತಿದ್ದಕ್ಕೇ ಗ್ರಾಸ್‌ನಲ್ಲಿ ಹಿಂದೆ ಗಾಜಿನ ಹಲಗೆ ಮೇಲೆ ಕೊಬ್ಬು ಸವರಿ ಅದರ ಮೇಲೆ ಹೂವು ಹರಡಿ ಒಂದು ರಾತ್ರಿ ಬಿಡ್ತಿದ್ರು, ಬೆಳಿಗ್ಗೆ ಹಳೇ ಹೂವು ತೆಗೆದು ಹೊಸದು ಹರಡೋದು, ವಾರಗಟ್ಟಲೆ ಹೀಗೇ. ಕೊಬ್ಬು ಘಮ ಕುಡಿದುಬಿಡತ್ತೆ. ಈಗ ಅಷ್ಟು ಕೂಲಿ ಕೊಟ್ಟು ಯಾರು ಮಾಡ್ತಾರೆ, ಈಗೆಲ್ಲ ಹೆಕ್ಸೇನ್ ಅನ್ನೋ ದ್ರಾವಣದಲ್ಲಿ ತೊಳೆದು ಕಾಂಕ್ರೀಟ್ ಅನ್ನೋ ಮೇಣದಂಥ ಮುದ್ದೆ ತೆಗೀತಾರೆ, ಅದನ್ನ ಆಲ್ಕೋಹಾಲಲ್ಲಿ ತೊಳೆದ್ರೆ ಆಬ್ಸಲ್ಯೂಟ್, ಅಂದ್ರೆ ಹೂವಿನ ಗಟ್ಟಿ ಸಾರ. ಮಧುರೈ, ಕೊಯಮತ್ತೂರು ಕಡೆ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯತ್ತೆ, ಹೊರದೇಶದ ದೊಡ್ಡ ದೊಡ್ಡ ಪರ್ಫ್ಯೂಮ್‌ಗಳಿಗೆ ಹೋಗೋ ದುಂಡು ಮಲ್ಲಿಗೆ ಸಾರ ಇಲ್ಲಿಂದಾನೇ. ಒಂದು ಕೆ.ಜಿ. ಆಬ್ಸಲ್ಯೂಟ್‌ಗೆ ಸುಮಾರು 700 ಕೆ.ಜಿ. ಹೂವು ಬೇಕು, ಲೆಕ್ಕ ಹಾಕಿ ಅದಕ್ಕೆ ಎಷ್ಟು ಬೆರಳು ಎಷ್ಟು ಬೆಳಗಿನ ಜಾವ ಹೋಗಿರತ್ತೆ ಅಂತ.
ಆಬ್ಸಲ್ಯೂಟಲ್ಲಿ ಏನಾಗತ್ತೆ ಅಂದ್ರೆ ಹೂವಿನ ಒಳಗಿರೋ ಭಾರದ ಅಂಶ ಎಲ್ಲ ಬಂದುಬಿಡತ್ತೆ, ಹೂವು ಗಾಳಿಗೆ ಬಿಡೋ ಹಗುರ ಅಂಶ ಕಮ್ಮಿ ಆಗತ್ತೆ. ಅದಕ್ಕೆ ಅದು ದಟ್ಟ, ಜೇನು ಥರ, ಸ್ವಲ್ಪ ಚರ್ಮದ ಥರ. ನಮ್ಮ ಸೆಕೆಗೆ ಭಾರದ ಅಂಶಾನೇ ಮೇಲೆದ್ದು ನಿಮ್ಮ ಬಸ್ಸಿನ ಕಥೆ ಆಗತ್ತೆ. ಹಗುರ ಬೇಕು ಅಂದ್ರೆ ಹೆಡಿಯೋನ್ ಅಂತ ಒಂದು ಪದಾರ್ಥ ಇದೆ, ಮಲ್ಲಿಗೆಯ ಘಮದ ಒಂದು ಅಂಶಕ್ಕೆ ಹತ್ತಿರದ ನೆಂಟ, ಲ್ಯಾಬಲ್ಲಿ ಮಾಡಿದ್ದು, 1966ರಲ್ಲಿ ಡಿಯೋರ್‌ನ ಓ ಸೋವಾಜ್‌ನಲ್ಲಿ ಎಡ್ಮಂಡ್ ರುಡ್ನಿಟ್ಸ್ಕಾ ಬಳಸಿದ ಮೇಲೆ ಹೆಚ್ಚುಕಮ್ಮಿ ಎಲ್ಲ ಕಡೆ ಬಂತು. ಕಿಟಕಿ ತೆಗೆದ ಹಾಗೆ ಇರತ್ತೆ ಅದು, ಹೂವಿಗಿಂತ ಹೂವಿನ ಸುತ್ತಲಿನ ಗಾಳಿ. ಲ್ಯಾಬಿಂದು ಅಂತ ಕೀಳಾಗಿ ನೋಡ್ಬೇಡಿ, ಹಿತಮಿತವಾಗಿ ಹಾಕಿದ್ರೆ ನಿಮ್ಮ ಅಜ್ಜಿ ಮನೆ ಜಗಲಿಗೆ ಅದೇ ಹತ್ತಿರ.

ಪಂಚಾಂಗ ಪ್ರಿಯ:
ಎರಡನೇ ಪ್ರಶ್ನೆಗೆ ನಾನು. ನಾನು ವೃತ್ತಿಯವನಲ್ಲ, ಆದ್ರೆ ನಲವತ್ತು ವರ್ಷದಿಂದ ಮೂಲ ಗ್ರಂಥ ಇಟ್ಕೊಂಡು ಓದ್ತಾ ಇದೀನಿ. ಮಗಳೇ, ಜೋಯಿಸರು ಹೇಳಿದ ಲೆಕ್ಕ ಸರಿಯಿದೆ, ಜ್ಯೇಷ್ಠಾ ಅಂದ್ರೆ ಹುಟ್ಟುವಾಗ ಬುಧ ದಶೆ, ಅದರ ಉಳಿಕೆ ಕಳೆದು ಕೇತು ಏಳು ವರ್ಷ, ಆಮೇಲೆ ಶುಕ್ರ ಇಪ್ಪತ್ತು ವರ್ಷ. ಚಂದ್ರ ವೃಶ್ಚಿಕದಲ್ಲಿ ನೀಚ, ಅದೂ ಸರಿ. ನೀಚ ಅಂದ ಕೂಡಲೇ ಹೆದರಬೇಡ, ನೀಚಭಂಗ ಅಂತ ಒಂದಿದೆ, ಅಂದ್ರೆ ಆ ನೀಚ ದೋಷ ಕಳೆಯೋ ಯೋಗ, ಪೂರ್ತಿ ಕುಂಡಲಿ ನೋಡದೆ ಯಾರೂ ಏನೂ ಹೇಳಬಾರದು.
ಈಗ ಹೂವಿನ ವಿಚಾರ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಯಾವ ವಸ್ತು ಯಾವ ಗ್ರಹದ ಪಾಲಿಗೆ ಅಂತ ಹಂಚಿರೋ ಒಂದು ಅಧ್ಯಾಯ ಇದೆ, ಗ್ರಹಭಕ್ತಿ ಅಂತ. ಅಲ್ಲಿ ಸಿಹಿ ರಸ, ಹೂವು, ಹಣ್ಣು, ನೀರು, ಉಪ್ಪು, ಶಂಖ, ಮುತ್ತು ಇವೆಲ್ಲ ಚಂದ್ರನಿಗೆ. ಮುಂದೆ ಶುಕ್ರನ ಪಟ್ಟಿಗೆ ಬಂದ್ರೆ ಸುರಭಿ ಕುಸುಮ, ಅಂದ್ರೆ ಪರಿಮಳದ ಹೂವು, ಮೈಗೆ ಹಚ್ಚೋ ಅನುಲೇಪನ, ವಜ್ರ, ಒಡವೆ, ಹಾಸಿಗೆ. ಬರೀ ಹೂವು ಅಂದ್ರೆ ಚಂದ್ರ, ಪರಿಮಳ ಅನ್ನೋ ಗುಣ ಸೇರಿದ ಕೂಡಲೇ ಶುಕ್ರ. ನೀನು ಕೇಳಿದ್ದ ಗೊಂದಲ ಈಚಿನವರದ್ದು, ಮೂಲದಲ್ಲಿ ಎರಡಕ್ಕೂ ಜಾಗ ಇದೆ. ಶಂಕರಪುರದವರು ಹೇಳಿದ್ದು ಓದಿ ನಂಗೆ ಮೈ ಜುಮ್ ಅಂತು, ಬೆಳಿಗ್ಗೆಯ ಪರಿಮಳ ಇಲ್ಲದ ಬಿಳಿ ಮೊಗ್ಗು ಚಂದ್ರನದ್ದು, ಸಂಜೆ ಬಿರಿದು ಘಮ ಬಿಟ್ಟಾಗ ಅದು ಶುಕ್ರನ ಕೈಗೆ ಹೋಯ್ತು ಅಂತ ನಾನು ಅರ್ಥ ಮಾಡ್ಕೋತೀನಿ. ಇದು ನನ್ನ ಅರ್ಥ, ಗ್ರಂಥದಲ್ಲಿ ಹಾಗೆ ಬಿಡಿಸಿ ಹೇಳಿಲ್ಲ. ಮತ್ತೆ ನೋಡು, ಚಂದ್ರ ಉಚ್ಚ, ಅಂದ್ರೆ ಪೂರ್ಣ ಬಲ, ಆಗೋದು ವೃಷಭದಲ್ಲಿ, ಅದು ಶುಕ್ರನ ಮನೆ.
ಇಂಗ್ಲಿಷಲ್ಲಿ ಗುರು ಅಂತ ಬಂದಿದ್ದು ಹದಿನೇಳನೇ ಶತಮಾನದ ಕಲ್ಪೆಪರ್ ಹೆಸರಿನ ಗಿಡಮೂಲಿಕೆ ಪುಸ್ತಕದಿಂದ, ಅದರಲ್ಲಿ ಜಾಸ್ಮಿನ್‌ಗೆ ಕರ್ಕಾಟಕದಲ್ಲಿರೋ ಗುರು ಅಧಿಪತಿ ಅಂತಿದೆ. ನಮ್ಮಲ್ಲೂ ಗುರು ಕರ್ಕಾಟಕದಲ್ಲಿ ಉಚ್ಚ, ಕರ್ಕಾಟಕದ ಒಡೆಯ ಚಂದ್ರ. ಸುತ್ತಿ ಬಂದ್ರೂ ಚಂದ್ರನ ಮನೆಗೇ ಬಂದು ನಿಂತಿದೆ.

ಹಡಗಲಿ ಹುಡುಗ:
ಭಾಳ ಚಲೋ ಚರ್ಚೆ ನಡೆದೈತ್ರಿ. ಒಂದು ಮಾತು ಸೇರಿಸ್ತೀನಿ, ಎಲ್ಲಾರೂ ಉಡುಪಿ ಮೈಸೂರು ಅಂತೀರಿ, ನಮ್ಮ ಹೂವಿನ ಹಡಗಲಿ ಮಲ್ಲಿಗಿ ಬ್ಯಾರೇನ ಜಾತಿರೀ, ದಳ ಸಣ್ಣು, ಮೊಗ್ಗಿ ಉದ್ದ. ಮೈಸೂರು, ಉಡುಪಿ, ಹಡಗಲಿ ಮೂರಕ್ಕೂ ಜಿಐ ಟ್ಯಾಗ್, ಅಂದ್ರ ಆ ಊರಿಂದೇ ಅನ್ನೋ ಸರ್ಕಾರಿ ಗುರುತು, ಐತಿ. ಹಂಪಿ ಅರಸರ ಕಾಲಕ್ಕ ನಮ್ಮೂರಿಂದ ಹೊಳಿ ಮ್ಯಾಲ ದೋಣ್ಯಾಗ ಹೂವು ಹೋಗ್ತಿತ್ತು ಅಂತ ಹಿರ್ಯಾರು ಹೇಳ್ತಾರ. ನಮ್ಮವ್ವ ಶುಕ್ರವಾರ ಬಂತಂದ್ರ ಲಕ್ಷ್ಮಿ ಫೋಟೋಕ್ಕ ಒಂದು ಮೊಳ, ತನ್ನ ಮುಡಿಗೆ ಒಂದು ತುಂಡು, ಶುಕ್ರ ಚಂದ್ರ ಅಂತ ಆಕಿಗೆ ಗೊತ್ತಿಲ್ಲ, ವಾರ ಮಾತ್ರ ತಪ್ಪಿಸಿಲ್ಲ. ಅಕ್ಕಾರ, ದುಂಡಮಲ್ಲಿಗಿದು ದಟ್ಟ ಅನಿಸಿದ್ರ ನಮ್ಮ ಹೂವಿನ ವಾಸನಿ ನೋಡ್ರಿ, ಹಗುರ ಐತಿ, ತಲಿನೋವು ಬರಂಗಿಲ್ಲ.
ಆಮ್ಯಾಲೆ ಕಾಕಡಾ ತಂದು ಮಲ್ಲಿಗಿ ಅಂತ ಮಾರ್ತಾರ ಚಳಿಗಾಲದಾಗ, ನೋಡಾಕ ಬೆಳ್ಳಗ ಇರ್ತೈತಿ, ವಾಸನಿ ಇರಂಗಿಲ್ಲ, ಹುಷಾರು.

ತಾರ್ಕಿಕ:
ಬೇಜಾರು ಮಾಡ್ಕೋಬೇಡಿ, ಒಂದು ನೇರ ಪ್ರಶ್ನೆ. ಮಲ್ಲಿಗೆ ರಾತ್ರಿ ಅರಳೋದು ಬಿಳಿ ಬಣ್ಣ ಇರೋದು ಎಲ್ಲ ರಾತ್ರಿ ಹಾರೋ ಪತಂಗಗಳನ್ನ ಕರೆಯೋಕೆ, ಕತ್ತಲಲ್ಲಿ ಬೇರೆ ಬಣ್ಣ ಕಾಣೋದು ಕಷ್ಟ, ಅದಕ್ಕೆ ಬಿಳಿ, ಅದಕ್ಕೆ ವಾಸನೆ. ಇದರಲ್ಲಿ ಗ್ರಹ ಎಲ್ಲಿಂದ ಬಂತು? ಮತ್ತೆ ಈಗ ರಾಶಿಗೊಂದು ಪರ್ಫ್ಯೂಮ್ ಅಂತ ಬಾಕ್ಸ್ ಮಾಡಿ ಸಾವಿರಾರು ರೂಪಾಯಿಗೆ ಮಾರ್ತಿದಾರೆ, ಹಾಕಿದ್ರೆ ಮದುವೆ ಆಗತ್ತೆ ಕೆಲಸ ಸಿಗತ್ತೆ ಅಂತ. ನನ್ನ ತಂಗಿ ಹಾಗೆ ಎರಡು ತಿಂಗಳ ಸಂಬಳದ ಉಳಿತಾಯ ಹಾಕಿ ತಗೊಂಡು ಅತ್ತಿದ್ದು ನಾನು ನೋಡಿದೀನಿ. ಅದಕ್ಕೆ ನಂಗೆ ಈ ವಿಷಯ ಬಂದ್ರೆ ಸಿಟ್ಟು ಬರತ್ತೆ.

ಪಂಚಾಂಗ ಪ್ರಿಯ:
ನಿಮ್ಮ ಸಿಟ್ಟು ನ್ಯಾಯವಾದದ್ದು ಸ್ವಾಮಿ, ತಂಗಿಗೆ ಆದದ್ದು ಮೋಸವೇ, ಬೇರೆ ಹೆಸರಿಲ್ಲ ಅದಕ್ಕೆ. ಇಂಥ ಬಾಟ್ಲಿ ಹಾಕಿದ್ರೆ ಇಂಥ ಫಲ ಅಂತ ವರಾಹಮಿಹಿರ ಎಲ್ಲೂ ಹೇಳಿಲ್ಲ. ಆತ ಪರಿಮಳದ ಬಗ್ಗೆ ಬರೆದಾಗ ಪೂರಾ ಲೆಕ್ಕಾಚಾರದ ಮನುಷ್ಯ. ಗಂಧಯುಕ್ತಿ ಅಂತ ಬೇರೆ ಅಧ್ಯಾಯವೇ ಇದೆ, ಅದರಲ್ಲಿ ಹದಿನಾರು ದ್ರವ್ಯದಲ್ಲಿ ನಾಲ್ಕು ನಾಲ್ಕು ಆರಿಸಿದ್ರೆ 1820 ಗುಂಪು, ಒಂದೊಂದು ಗುಂಪಿಗೆ ಪ್ರಮಾಣ ಬದಲಿಸ್ತಾ 96 ಬಗೆ, ಒಟ್ಟು 1,74,720 ಪರಿಮಳ ಅಂತ ಲೆಕ್ಕ ಬರತ್ತೆ. ಹೂವೇ ಇಲ್ಲದೆ ಬೇರೆ ದ್ರವ್ಯ ಸೇರಿಸಿ ಸಂಪಿಗೆ ಘಮ, ಬಕುಳದ ಘಮ ಬರಿಸೋ ಪಾಕಗಳೂ ಇವೆ. ಲ್ಯಾಬಿನವರು ಹೇಳಿದ ಹೆಡಿಯೋನ್ ಕೆಲಸಾನೇ ಅದು.
ನಮ್ಮ ಕನ್ನಡದಲ್ಲೂ ಇದೆ. ಚಾಲುಕ್ಯರ ಕಾಲದಲ್ಲಿ, 1025ರ ಹೊತ್ತಿಗೆ, ಇಮ್ಮಡಿ ಚಾವುಂಡರಾಯ ಬರೆದ ಲೋಕೋಪಕಾರದಲ್ಲಿ ಜ್ಯೋತಿಷ, ನೀರು ಹುಡುಕೋದು, ಗಿಡ ಬೆಳೆಸೋದು, ಅಡುಗೆ, ಸುಗಂಧ ಎಲ್ಲ ಒಂದೇ ಪುಸ್ತಕದಲ್ಲಿ. ಆ ಕಾಲದವರಿಗೆ ಇವು ಬೇರೆ ಬೇರೆ ಅಂಗಡಿ ಆಗಿರಲಿಲ್ಲ. ಕಾಮನ ಐದು ಬಾಣದಲ್ಲಿ ಒಂದು ನವಮಲ್ಲಿಕೆ. ಗ್ರಹ ಅನ್ನೋದು ಇಲ್ಲಿ ಒಂದೇ ಗುಣ ಇರೋ ವಸ್ತುಗಳನ್ನ ಒಂದು ಕಡೆ ಜೋಡಿಸಿ ನೆನಪಿಟ್ಟುಕೊಳ್ಳೋ ಕ್ರಮ ಅಂತ ನಾನು ತಿಳ್ಕೊಂಡಿದೀನಿ. ಪತಂಗಕ್ಕಾಗಿ ಅರಳಿದ್ರೂ ಅದು ಅರಳೋದು ಚಂದ್ರ ಬರೋ ಹೊತ್ತಿಗೇ ಅಲ್ವಾ.

ತಾರ್ಕಿಕ:
ನೆನಪಿಟ್ಟುಕೊಳ್ಳೋ ಕ್ರಮ ಅಂದ್ರೆ ನಂಗೆ ತಕರಾರಿಲ್ಲ ಸಾರ್. ಫಲ ಬರತ್ತೆ ಅಂತ ಮಾರೋದಕ್ಕೆ ಮಾತ್ರ ತಕರಾರು. ಆ 1,74,720 ಲೆಕ್ಕ ಹಾಕಿ ನೋಡಿದೆ, ಸರಿಯಾಗೇ ಬರತ್ತೆ.

ಶಾರ್ಜಾದಿಂದ:
ನಾನು ಇಲ್ಲಿ ಹದಿನಾಲ್ಕು ವರ್ಷದಿಂದ ಇದೀನಿ. ನಮ್ಮೂರ ಮಲ್ಲಿಗೆ ವಿಮಾನದಲ್ಲಿ ಬರತ್ತೆ ಇಲ್ಲಿಗೆ, ಹಬ್ಬದ ದಿನ ಅಂಗಡಿ ಮುಂದೆ ನಮ್ಮ ಕರಾವಳಿ ಹೆಂಗಸರೆಲ್ಲ ಕಾಯ್ತಾ ನಿಂತಿರ್ತಾರೆ. ಉಳಿದ ದಿನಕ್ಕೆ ನಾನು ಅತ್ತರ್ ಹಿಡಿದೆ. ಉತ್ತರ ಪ್ರದೇಶದ ಕನೌಜಿನ ಮೋತಿಯಾ ಅತ್ತರ್ ಅಂದ್ರೆ ದುಂಡು ಮಲ್ಲಿಗೆದು, ಚಮೇಲಿ ಅಂದ್ರೆ ಜಾಜಿದು, ಕೇಳುವಾಗ ಹೆಸರು ಸರಿಯಾಗಿ ಹೇಳಿ. ಡೇಗ್ ಅನ್ನೋ ತಾಮ್ರದ ಹಂಡೆಯಲ್ಲಿ ಹೂವು ನೀರು ಹಾಕಿ ಮಣ್ಣಲ್ಲಿ ಬಾಯಿ ಮುಚ್ಚಿ ಸಣ್ಣ ಉರಿಯಲ್ಲಿ ಕಾಯಿಸ್ತಾರೆ, ಹಬೆ ಬಿದಿರಿನ ಕೊಳವೆಯಲ್ಲಿ ಹೋಗಿ ನೀರಲ್ಲಿಟ್ಟ ಭಪ್ಕಾ ಅನ್ನೋ ಪಾತ್ರೆಯಲ್ಲಿ ಗಂಧದೆಣ್ಣೆ ಮೇಲೆ ಇಳಿಯತ್ತೆ. ಸ್ಪಿರಿಟ್ ಇಲ್ಲದ ಕಾರಣ ಮೊದಲಿಗೇ ಮುಖಕ್ಕೆ ಹೊಡೆಯಲ್ಲ, ಮೈ ಶಾಖಕ್ಕೆ ನಿಧಾನ ಬಿಚ್ಕೊಳ್ಳತ್ತೆ. ಆದ್ರೆ ಒಳ್ಳೆ ಗಂಧದೆಣ್ಣೆ ಈಗ ತುಂಬಾ ತುಟ್ಟಿ, ಅಗ್ಗಕ್ಕೆ ಸಿಗೋದ್ರಲ್ಲಿ ಬೇರೆ ಎಣ್ಣೆ ಇರತ್ತೆ. ರೇಷ್ಮೆ ಸೀರೆಗೆ ಮಾತ್ರ ತಾಗಿಸಬೇಡಿ, ಕಲೆ ಹೋಗಲ್ಲ, ನನ್ನ ಹೆಂಡತಿಯ ಮದುವೆ ಸೀರೆಯ ಅಂಚಲ್ಲಿ ಇನ್ನೂ ಇದೆ.

ಗಂಧದ ಕೆಲಸದವನು:
ಮಲ್ಲಿಗೆ ಮತ್ತೆ ಗಂಧ ಸೇರೋದು ಹಳೇ ಜೋಡಿ ಸಾರ್, ಗರ್ಲಾನ್‌ನವರ ಸಂಸಾರ ಅಂತ 1989ರಲ್ಲಿ ಬಂತಲ್ಲ, ಆಗ ಅದರ ಜೀವಾಳ ಮಲ್ಲಿಗೆ ಮತ್ತೆ ನಮ್ಮ ಮೈಸೂರು ಗಂಧ ಆಗಿತ್ತು. ಹೆಸರೂ ನಮ್ಮದೇ.
ಇನ್ನೊಂದು ಎಚ್ಚರಿಕೆ, ಆಬ್ಸಲ್ಯೂಟ್ ಆನ್‌ಲೈನಲ್ಲಿ ತರಿಸಿ ನೇರ ಮೈಗೆ ಹಚ್ಕೋಬೇಡಿ, ಕೆಲವರ ಚರ್ಮಕ್ಕೆ ಆಗಲ್ಲ, ಇಷ್ಟಕ್ಕಿಂತ ಹೆಚ್ಚು ಬಳಸಬಾರದು ಅಂತ ಈ ಉದ್ಯಮದಲ್ಲೇ ಮಿತಿ ಇದೆ. ಮತ್ತೆ ಹುಡುಗಿ, ಮನೇಲೇ ಒಂದು ಮಾಡಿ ನೋಡಬಹುದು. ಬಿಳಿ ಎಳ್ಳು ಒಂದು ಡಬ್ಬಿಯಲ್ಲಿ ಹರಡಿ ಸಂಜೆ ಬಿರಿಯೋಕೆ ಮುಂಚೆ ಮೊಗ್ಗು ಹಾಕಿ ಮುಚ್ಚಿ, ಬೆಳಿಗ್ಗೆ ಹೂವು ಆರಿಸಿ ತೆಗೀರಿ, ಒದ್ದೆ ಇರಬಾರದು ಬೂಷ್ಟು ಬರತ್ತೆ, ಏಳೆಂಟು ರಾತ್ರಿ ಹೀಗೆ ಮಾಡಿ ಆ ಎಳ್ಳನ್ನ ಗಾಣಕ್ಕೆ ಹಾಕಿದ್ರೆ ಚಮೇಲಿ ಎಣ್ಣೆಯ ಹಳೇ ವಿಧಾನ. ಚೀನಾದಲ್ಲಿ ಮಲ್ಲಿಗೆ ಟೀ ಮಾಡೋದೂ ಹೀಗೇ, ಟೀ ಎಲೆ ಜೊತೆ ರಾತ್ರಿ ಮೊಗ್ಗು ಮಲಗಿಸಿ. ಗಾಣ ಹತ್ತಿರ ಇಲ್ದಿದ್ರೆ ಕೊಬ್ಬರಿ ಎಣ್ಣೆ ತಟ್ಟೆಗೆ ಹಾಕಿ, 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗತ್ತೆ, ಅದರ ಮೇಲೆ ಹೂವು ಮಗುಚಿ ಇಡಿ.

ಮುಸ್ಸಂಜೆ ಮೊಗ್ಗು:
ಎರಡು ವಾರ ಆಯ್ತು, ಬಂದು ಹೇಳ್ಬೇಕು ಅನಿಸ್ತು. ಎಲ್ರ ಉತ್ತರ ಅಮ್ಮಂಗೆ ಓದಿ ಹೇಳಿದೆ, ಪಂಚಾಂಗದ ಅಂಕಲ್ ಬರೆದಿದ್ದು ಎರಡು ಸಲ ಓದಿಸ್ಕೊಂಡ್ರು. ಆ ಪರ್ಫ್ಯೂಮನ್ನ ಮೈಗೆ ಹಾಕದೆ ಸಂಜೆ ಕಿಟಕಿ ಪರದೆಗೆ ಒಂದೇ ಸಲ ಹೊಡೆದೆ, ದೂರದಿಂದ ಚೆನ್ನಾಗೇ ಇದೆ, ನುಸಿಗುಳಿಗೆ ಇಲ್ಲ. ಕೊಬ್ಬರಿ ಎಣ್ಣೆದೂ ಮಾಡಿದೆ. ಇಲ್ಲಿ ರಾತ್ರಿ ಚಳಿ ಇದೆ, ತಟ್ಟೆಯಲ್ಲಿ ಬೆಣ್ಣೆ ಥರ ಗಟ್ಟಿಯಾಯ್ತು. ಮಾರ್ಕೆಟಿಂದ ತಂದ ಮೊದಲ ದಿನದ ಹೂವು ಆಗಲೇ ಅರಳಿತ್ತು, ಏನೂ ಬರಲಿಲ್ಲ. ಆಮೇಲೆ ಹೂವಮ್ಮನಿಗೆ ಹೇಳಿ ಬಿಗಿ ಮೊಗ್ಗು ಎತ್ತಿಡಿಸ್ಕೊಂಡೆ, ಆರು ರಾತ್ರಿ ಇಟ್ಟೆ. ನಾಲ್ಕನೇ ದಿನ ಬರೀ ಕೊಬ್ಬರಿ ವಾಸನೆ ಅಂತ ಬಿಡೋಣ ಅನಿಸಿತ್ತು, ಆರನೇ ಬೆಳಿಗ್ಗೆ ಬೆರಳಲ್ಲಿ ತಗೊಂಡು ಮಣಿಕಟ್ಟಿಗೆ ಹಚ್ಚಿದೆ, ಅಷ್ಟೇನಿಲ್ಲ ಅಂತ ಸುಮ್ನಾದೆ. ರಾತ್ರಿ ಮಲಗೋವಾಗ ಕೈ ದಿಂಬಿನ ಕೆಳಗೆ ಇತ್ತು, ಆಗ ಬಂತು.
ಅಜ್ಜಿಗೆ ಫೋನ್ ಮಾಡಿದೆ, ಹತ್ತು ಗಂಟೆ ರಾತ್ರಿ. ಎಂತ ಆಯ್ತು ಮಗಾ ಅಂತ ಗಾಬರಿ ಆದ್ರು.

ಶಂಕರಪುರದ ಗಾಳಿ:
ತಂಗಿ ಅಜ್ಜಿ ಮನೆ ಯಾವ ಕಡೆ, ಶಿರ್ವವಾ ಪಾಂಗಾಳವಾ? ಮುಂದಿನ ಸಲ ಬರುವಾಗ ಹೇಳು, ಬೆಳಿಗ್ಗೆ ಐದೂವರೆಗೆ ಬಾ, ನೀನೇ ಕೊಯ್ಯಿ. ಉಗುರು ತಾಗಿಸಬಾರದು, ತೊಟ್ಟು ಹಿಡಿದು ತಿರುಗಿಸಿದ್ರೆ ಸಾಕು, ಕೈಗೆ ಬರ್ತದೆ.